ರಾತ್ರಿ ತರಬೇತಿಯಲ್ಲಿ ಯುದ್ಧ ವಿಮಾನ ಬಿದ್ದು ಪೈಲಟ್‌ಗಳು ಸಾಯುವುದು ಯಾಕೆ? ಕತ್ತಲಲ್ಲಿ ಹಾರಿಸಲೇಬೇಕಾ?

ನೀವು ಮಾನ್ವಿ ಕಡೆಯವರು ಅಂತ ಬರೆದಿದ್ದೀರಿ. ತಮ್ಮ ಪಿಯುಸಿ ಓದುತ್ತಿದ್ದಾನೆ, ಎನ್‌ಡಿಎ (ಸೇನಾಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿ) ಪರೀಕ್ಷೆ ಬರೆದು ಫೈಟರ್ ಪೈಲಟ್ ಆಗಬೇಕು ಅಂತಾನೆ, ಗುಜರಾತಿನ ಜಾಮ್‌ನಗರದಲ್ಲಿ ಯುದ್ಧ ವಿಮಾನ ಬಿದ್ದ ಸುದ್ದಿ ನೋಡಿದಾಗಿನಿಂದ ಅವ್ವ ಅರ್ಜಿ ಹಾಕೋಕೇ ಬಿಡುತ್ತಿಲ್ಲ. ಯುದ್ಧ ಇಲ್ಲದಾಗ ಕತ್ತಲಲ್ಲಿ ಯಾಕೆ ಹಾರಿಸುತ್ತಾರೆ, ಸೀಟ್ ಸಮೇತ ಹೊರಗೆ ಹಾರುವ ವ್ಯವಸ್ಥೆ ಇದ್ದೂ ಯಾಕೆ ಸಾಯುತ್ತಾರೆ ಅಂತ ಕೇಳಿದ್ದೀರಿ.

ನಾನು ಪೈಲಟ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಏರ್‌ಫೋರ್ಸ್‌ನಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವನು, ನೆಲದ ಮೇಲೆ ನಿಂತು ವಿಮಾನ ನೋಡಿಕೊಳ್ಳುವವನು. ಸಾರ್ಜೆಂಟ್ ಆಗಿ ರಿಟೈರ್ ಆದೆ, ಈಗ ಗಂಗಾವತಿಯಲ್ಲಿ ಬ್ಯಾಂಕ್ ಕೌಂಟರ್‌ನಲ್ಲಿ ಕೂತಿದ್ದೇನೆ. ಎಲ್ಲೋ ವಿಮಾನ ಬಿತ್ತು ಅಂತ ಟಿವಿಯಲ್ಲಿ ಬಂದರೆ ಸಾಕು, ಮರುದಿನ ಪಾಸ್‌ಬುಕ್ ಎಂಟ್ರಿ ಮಾಡಿಸೋಕೆ ಬಂದವರು "ಸಾರ್, ಹಳೇ ವಿಮಾನ ಅಲ್ವಾ, ಅದಕ್ಕೇ ಬಿತ್ತು" ಅಂತ ತೀರ್ಪು ಕೊಟ್ಟೇ ಹೋಗುತ್ತಾರೆ. ಅಷ್ಟು ಸುಲಭ ಇಲ್ಲ.

ಚಿಕ್ಕದಾಗಿ ಹೇಳುವುದಾದರೆ, ಹಗಲಲ್ಲಿ ಏನೋ ಸರಿಯಿಲ್ಲ ಅಂತ ಪೈಲಟ್ ಕಣ್ಣಿಗೆ ತಕ್ಷಣ ಕಾಣುತ್ತದೆ. ರಾತ್ರಿ ಅದು ಗೊತ್ತಾಗೋದು ಕೆಲವು ಸೆಕೆಂಡ್ ತಡ. ಜೆಟ್‌ನಲ್ಲಿ ಎಷ್ಟೋ ಸಲ ಅವನ ಕೈಯಲ್ಲಿ ಇರೋದೇ ಆ ಕೆಲವು ಸೆಕೆಂಡ್. ಗಂಟೆಗೆ 900 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 250 ಮೀಟರ್. ಸಿಂಧನೂರಿನಿಂದ ಗಂಗಾವತಿಗೆ ನಾಲ್ಕು ನಿಮಿಷ ಬೇಡ. ಆ ವೇಗದಲ್ಲಿ ಮೂಗು ಸ್ವಲ್ಪ ಕೆಳಗೆ ವಾಲಿದ್ದು ಐದು ಸೆಕೆಂಡ್ ಗೊತ್ತಾಗದೆ ಹೋದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಮೊದಲು ಜಾಮ್‌ನಗರ. 2025ರ ಏಪ್ರಿಲ್ 2ರ ರಾತ್ರಿ ಎರಡು ಸೀಟಿನ ಜಾಗ್ವಾರ್ ಯುದ್ಧ ವಿಮಾನ ಜಾಮ್‌ನಗರದಿಂದ ಮೇಲೆದ್ದು ಹತ್ತಿರದ ಸುವರ್ದಾ ಅನ್ನೋ ಊರಿನ ಬಳಿ ಬಿತ್ತು. ತಾಂತ್ರಿಕ ದೋಷ ಕಾಣಿಸಿತು, ವಾಯುನೆಲೆಗೂ ಊರಿನ ಜನರಿಗೂ ಅಪಾಯ ಆಗದ ಹಾಗೆ ನೋಡಿಕೊಂಡು ಪೈಲಟ್‌ಗಳು ಇಜೆಕ್ಟ್ ಆದರು, ಅಂದರೆ ಸೀಟ್ ಸಮೇತ ಹೊರಗೆ ಹಾರಿದರು ಅಂತ ವಾಯುಪಡೆಯೇ ಹೇಳಿತು. ಒಬ್ಬರು ಗಾಯಗೊಂಡು ಬದುಕಿದರು. ಹರಿಯಾಣದ ಫ್ಲೈಟ್ ಲೆಫ್ಟಿನೆಂಟ್ ಸಿದ್ಧಾರ್ಥ್ ಯಾದವ್ ಉಳಿಯಲಿಲ್ಲ. ಅದಕ್ಕೂ ಮುಂಚೆ 2022ರ ಜುಲೈ 28ರ ರಾತ್ರಿ ಒಂಬತ್ತರ ಸುಮಾರಿಗೆ ರಾಜಸ್ಥಾನದ ಬಾರ್ಮೇರ್ ಹತ್ತಿರ ಮಿಗ್-21 ಟ್ರೇನರ್ ಬಿದ್ದು ಇಬ್ಬರೂ ಹೋದರು. 2021ರ ಮೇ ತಿಂಗಳಲ್ಲಿ ಪಂಜಾಬಿನ ಮೋಗಾ ಹತ್ತಿರ ಒಂದು ಮಿಗ್-21, ಅದೇ ವರ್ಷ ಡಿಸೆಂಬರ್‌ನಲ್ಲಿ ಜೈಸಲ್ಮೇರ್ ಹತ್ತಿರ ಇನ್ನೊಂದು. ಇವೆಲ್ಲ ಕತ್ತಲಾದ ಮೇಲೆ ಆದವು, ಎಲ್ಲವೂ ತರಬೇತಿ ಹಾರಾಟ.

ಹಳೇ ವಿಮಾನ ಅನ್ನೋ ಮಾತಿನಲ್ಲಿ ಸತ್ಯ ಇಲ್ಲ ಅಂತಲ್ಲ. ಮಿಗ್-21 ನಮ್ಮಲ್ಲಿಗೆ ಬಂದಿದ್ದು 1963ರಲ್ಲಿ, ವಿದಾಯ ಹೇಳಿದ್ದು 2025ರ ಸೆಪ್ಟೆಂಬರ್ 26ಕ್ಕೆ, ಚಂಡೀಗಢದಲ್ಲಿ. ಜಾಗ್ವಾರ್ 1979ರಿಂದ ಇದೆ, ಈಗ ಅದನ್ನು ಹಾರಿಸುತ್ತಿರುವ ವಾಯುಪಡೆ ಜಗತ್ತಿನಲ್ಲಿ ನಮ್ಮದೊಂದೇ. ಬೇರೆ ಯಾರೂ ಬಳಸದ ವಿಮಾನಕ್ಕೆ ಬಿಡಿಭಾಗ ಹುಡುಕೋ ಕಷ್ಟ ಫಿಟ್ಟರ್‌ಗಳಿಗೆ ಗೊತ್ತು. ಆದರೆ ಹೊಸ ವಿಮಾನ ತಂದರೆ ರಾತ್ರಿ ಅಪಘಾತ ನಿಂತುಹೋಗುತ್ತದೆ ಅಂತ ನಂಬಿದವರು ಜಪಾನಿನ ಕಥೆ ಕೇಳಬೇಕು.

2019ರ ಏಪ್ರಿಲ್ 9, ಸಂಜೆ ಏಳು ದಾಟಿತ್ತು. ಮಿಸಾವಾ ನೆಲೆಯಿಂದ ನಾಲ್ಕು ಎಫ್-35 ಹೊರಟಿದ್ದವು. ಜಗತ್ತಿನ ದುಬಾರಿ, ಹೊಸ ಕಾಲದ ಯುದ್ಧ ವಿಮಾನಗಳಲ್ಲಿ ಒಂದು ಅದು, ಅದರಲ್ಲೂ ಬಿದ್ದಿದ್ದು ಜಪಾನಿನಲ್ಲೇ ಜೋಡಿಸಿದ ಮೊದಲನೇದು. ಪೈಲಟ್ 41 ವರ್ಷದ ಅನುಭವಿ, ಒಟ್ಟು 3,200 ಗಂಟೆ ಹಾರಿದವರು. ಆದರೆ ಎಫ್-35ರಲ್ಲಿ ಮಾತ್ರ ಸುಮಾರು 60 ಗಂಟೆ. ತರಬೇತಿಯ ನಡುವೆ ಕೆಳಗೆ ಇಳಿಯಿರಿ, ಎಡಕ್ಕೆ ತಿರುಗಿ ಅಂತ ನೆಲದಿಂದ ಸೂಚನೆ ಬಂತು. ಸರಿ ಅಂದರು. ಅಭ್ಯಾಸ ನಿಲ್ಲಿಸುತ್ತಿದ್ದೇನೆ ಅಂತ ರೇಡಿಯೋದಲ್ಲಿ ಹೇಳಿದರು, ದನಿಯಲ್ಲಿ ಗಾಬರಿ ಇರಲಿಲ್ಲ. ಆಮೇಲೆ ವಿಮಾನ 15,500 ಅಡಿಯಿಂದ ಸಾವಿರ ಅಡಿಗೆ ಬಂದಿದ್ದು ಹದಿನೈದೇ ಸೆಕೆಂಡಿನಲ್ಲಿ. ಗಂಟೆಗೆ 1,100 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಸಮುದ್ರಕ್ಕೆ ಬಿತ್ತು. ಇಜೆಕ್ಟ್ ಆಗೋಕೆ ಪ್ರಯತ್ನ ಮಾಡಿದ ಗುರುತೇ ಇಲ್ಲ. ವಿಮಾನ ಕೆಟ್ಟಿರಲಿಲ್ಲ, ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿತ್ತು, ತಾನು ಬೀಳುತ್ತಿದ್ದೇನೆ ಅಂತ ಅವರಿಗೆ ಗೊತ್ತೇ ಆಗಿರಲಿಲ್ಲ, ಬಹುಶಃ ಹೀಗೇ ಆಗಿದೆ ಅಂತ ಜಪಾನ್ ಸರ್ಕಾರ ಹೇಳಿತು.

ಬೀಳುತ್ತಿರೋದು ಗೊತ್ತಾಗದೆ ಇರುತ್ತದಾ ಅಂತ ನಿಮಗೆ ಅನಿಸಬಹುದು. ಹುಡುಗರಾಗಿದ್ದಾಗ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಗಿರಗಿರ ತಿರುಗುವ ಕುದುರೆ ಮೇಲೆ ಕೂತಿದ್ದೀರಲ್ಲ, ಇಳಿದ ಮೇಲೂ ನೆಲ ತಿರುಗಿದ ಹಾಗೇ ಅನಿಸುತ್ತದೆ. ಅದೇ ಅಂಗ, ಅದೇ ಮೋಸ. ಕಿವಿಯ ಒಳಗೆ ಮೂರು ಸಣ್ಣ ಕೊಳವೆಗಳಿವೆ, ಒಳಗೆ ದ್ರವ. ತಲೆ ತಿರುಗಿದಾಗ ದ್ರವ ಹಿಂದೆ ಉಳಿದು ಅಲ್ಲಿನ ಕೂದಲಿನಂಥ ಎಳೆಗಳನ್ನು ಬಾಗಿಸುತ್ತದೆ, ಮಿದುಳಿಗೆ "ತಿರುಗುತ್ತಿದ್ದೇವೆ" ಅಂತ ತಿಳಿಯುತ್ತದೆ. ಆದರೆ ಒಂದೇ ಸಮನೆ ಸುಮಾರು ಇಪ್ಪತ್ತು ಸೆಕೆಂಡ್ ತಿರುಗಿದರೆ ದ್ರವವೂ ಅದೇ ವೇಗಕ್ಕೆ ಬಂದುಬಿಡುತ್ತದೆ. ಆಗ ಕಿವಿ "ನೇರ ಹೋಗುತ್ತಿದ್ದೇವೆ" ಅನ್ನುತ್ತದೆ. ವಿಮಾನ ಮಾತ್ರ ವಾಲಿಕೊಂಡೇ ಇರುತ್ತದೆ. ಇನ್ನು ತುಂಬಾ ನಿಧಾನಕ್ಕೆ ವಾಲಿದರಂತೂ ಕಿವಿಗೆ ಮೊದಲಿಂದಲೂ ಗೊತ್ತಾಗುವುದೇ ಇಲ್ಲ.

ಹಗಲಲ್ಲಿ ಈ ಮೋಸವನ್ನು ಕಣ್ಣು ಸರಿ ಮಾಡುತ್ತದೆ. ಆಕಾಶ ಮೇಲಿದೆ, ನೆಲ ಕೆಳಗಿದೆ, ನಡುವೆ ದಿಗಂತದ ಗೆರೆ ಇದೆ. ರಾತ್ರಿ, ಅದರಲ್ಲೂ ಅಮಾವಾಸ್ಯೆ ಹತ್ತಿರ, ಮರುಭೂಮಿಯ ಮೇಲೋ ಸಮುದ್ರದ ಮೇಲೋ ಆ ಗೆರೆಯೇ ಇರುವುದಿಲ್ಲ. ಕೆಳಗೆ ಎಲ್ಲೋ ನಾಲ್ಕು ದೀಪ, ಮೇಲೆ ನಕ್ಷತ್ರ, ಯಾವುದು ಯಾವುದು ಅಂತ ಕಲಸಿಹೋಗುತ್ತದೆ. ಕತ್ತಲಲ್ಲಿ ಒಂದೇ ದೀಪವನ್ನು ದಿಟ್ಟಿಸಿ ನೋಡಿದರೆ ನಿಂತಿರೋ ದೀಪವೂ ಓಡಾಡಿದ ಹಾಗೆ ಕಾಣುತ್ತದೆ. ಟೇಕಾಫ್ ಆಗಿ ಜೋರಾಗಿ ವೇಗ ಹಿಡಿದಾಗ ಬೆನ್ನು ಸೀಟಿಗೆ ಒತ್ತುತ್ತದೆ, ಮೂಗು ಜಾಸ್ತಿ ಮೇಲೆದ್ದಿದೆ ಅಂತ ದೇಹಕ್ಕೆ ಅನಿಸುತ್ತದೆ. ಆ ಅನಿಸಿಕೆ ನಂಬಿ ವಿಮಾನ ನಡೆಸುವ ಸ್ಟಿಕ್ ಮುಂದಕ್ಕೆ ತಳ್ಳಿದರೆ ನೇರ ನೆಲಕ್ಕೆ. ಇಳಿಯುವಾಗ ಇನ್ನೊಂದು ಕಾಟ. ಸುತ್ತ ಗವ್ವೆನ್ನುವ ಕತ್ತಲಿದ್ದು ರನ್‌ವೇ ದೀಪ ಮಾತ್ರ ಕಂಡರೆ, ಇನ್ನೂ ತುಂಬಾ ಎತ್ತರದಲ್ಲಿದ್ದೇನೆ ಅನಿಸಿ ಪೈಲಟ್ ಬೇಕಾದ್ದಕ್ಕಿಂತ ಕೆಳಗೆ ಬಂದುಬಿಡುತ್ತಾರೆ.

ನೈಟ್ ವಿಷನ್ ಗಾಗಲ್ಸ್ ಇಲ್ವಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಇವೆ, ತುಂಬಾ ಉಪಯೋಗಕ್ಕೂ ಬರುತ್ತವೆ. ಆದರೆ ಅದರಲ್ಲಿ ಕಾಣೋದು ಸುಮಾರು 40 ಡಿಗ್ರಿ ಮಾತ್ರ. ಬರಿಗಣ್ಣಿಗೆ ಎರಡೂ ಪಕ್ಕ ಸೇರಿ ಅದರ ನಾಲ್ಕು ಪಟ್ಟಿಗೂ ಜಾಸ್ತಿ ಕಾಣುತ್ತದೆ. ದೂರ ಎಷ್ಟು, ಆಳ ಎಷ್ಟು ಅನ್ನೋ ಅಂದಾಜೂ ಸರಿಯಾಗಿ ಸಿಗುವುದಿಲ್ಲ.

ಹಾಗಾದರೆ ಪೈಲಟ್ ಏನು ಮಾಡಬೇಕು? ತನ್ನ ಮೈ ಹೇಳೋದನ್ನು ನಂಬದೆ ಮುಂದಿರುವ ಮೀಟರ್ ಹೇಳೋದನ್ನು ನಂಬಬೇಕು. ಕೇಳೋಕೆ ಸುಲಭ. ನೀವು ನೆಟ್ಟಗೆ ಕೂತಿದ್ದೀರಿ ಅಂತ ಮೈಯ ಕಣಕಣವೂ ಹೇಳುತ್ತಿರುವಾಗ ಒಂದು ಸಣ್ಣ ಪರದೆ "ಇಲ್ಲ, ನೀನು ತಲೆಕೆಳಗಾಗಿದ್ದೀಯ" ಅಂದರೆ ಪರದೆಯನ್ನು ನಂಬೋದು ಅಭ್ಯಾಸದಿಂದ ಮಾತ್ರ ಬರುತ್ತದೆ. ಇದಕ್ಕೇ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಅಲ್ಲಿ ಯಂತ್ರದಲ್ಲಿ ಕೂರಿಸಿ ಬೇಕಂತಲೇ ದಿಕ್ಕು ತಪ್ಪಿಸಿ ತೋರಿಸುತ್ತಾರೆ. ಆದರೂ ನೆಲದ ಮೇಲಿನ ಯಂತ್ರದಲ್ಲಿ ಕಲಿತದ್ದು ಒಂದು, ನಿಜವಾದ ಕತ್ತಲಲ್ಲಿ ಪಕ್ಕದ ವಿಮಾನವನ್ನೂ ನೋಡುತ್ತಾ, ರೇಡಿಯೋ ಕೇಳುತ್ತಾ, ಇಂಧನ ಲೆಕ್ಕ ಹಾಕುತ್ತಾ ಮಾಡೋದು ಇನ್ನೊಂದು. ಹಾಗಾಗಿ ರಾತ್ರಿ ಹಾರೋದನ್ನು ರಾತ್ರಿ ಹಾರಿಯೇ ಕಲಿಯಬೇಕು, ಕಲಿತದ್ದು ತಿಂಗಳುಗಟ್ಟಲೆ ಬಿಟ್ಟರೆ ಮರೆತೂ ಹೋಗುತ್ತದೆ.

ಈಗ ನಿಮ್ಮ ಎರಡನೇ ಮಾತು, ಯುದ್ಧ ಇಲ್ಲದಾಗ ಯಾಕೆ ಅಂತ. ಯುದ್ಧ ಬಂದಾಗ ಕಲಿಯೋಕೆ ಪುರುಸೊತ್ತು ಇರುವುದಿಲ್ಲ, ಅಷ್ಟೇ. 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಲೋಂಗೆವಾಲಾದಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಒಂದೇ ಒಂದು ಕಂಪನಿ ಪಾಕಿಸ್ತಾನದ ಟ್ಯಾಂಕ್‌ಗಳ ಎದುರು ರಾತ್ರಿಯಿಡೀ ನಿಂತಿತ್ತು. ಜೈಸಲ್ಮೇರ್‌ನಲ್ಲಿ ನಮ್ಮ ಹಂಟರ್ ವಿಮಾನಗಳು ಇದ್ದವು. ಇದ್ದೂ ಬರೋಕೆ ಆಗಲಿಲ್ಲ, ಯಾಕೆಂದರೆ ಕತ್ತಲಲ್ಲಿ ದಾಳಿ ಮಾಡುವ ಉಪಕರಣ ಅವುಗಳಲ್ಲಿ ಇರಲಿಲ್ಲ. ಬೆಳಕು ಹರಿದ ಮೇಲೆ ಬಂದು ಟ್ಯಾಂಕ್‌ಗಳನ್ನು ಹೊಡೆದವು. ಆ ರಾತ್ರಿ ಅಲ್ಲಿದ್ದ ಸೈನಿಕರಿಗೆ ಬೆಳಗಾಗೋದು ಎಷ್ಟು ತಡ ಅನಿಸಿರಬೇಕು! ಈಗ ಕಾಲ ತಿರುಗಿದೆ. 2019ರ ಫೆಬ್ರವರಿ 26ರಂದು ಬಾಲಾಕೋಟ್ ದಾಳಿ ಆಗಿದ್ದು ನಸುಕಿನ ಮೂರೂವರೆ ಹೊತ್ತಿಗೆ. 2025ರ ಮೇ 7ರಂದು ಆಪರೇಷನ್ ಸಿಂಧೂರ ಶುರುವಾಗಿದ್ದು ರಾತ್ರಿ ಒಂದು ಗಂಟೆ ದಾಟಿದ ಮೇಲೆ. ಹಗಲಲ್ಲಿ ಮಾತ್ರ ಹಾರುವ ವಾಯುಪಡೆ ಇಟ್ಟುಕೊಂಡು ಈಗ ಪ್ರಯೋಜನ ಇಲ್ಲ.

ಇನ್ನು ಇಜೆಕ್ಷನ್ ಸೀಟ್. ಸೀಟಿನ ಕೆಲಸ ನಮ್ಮ ಕೈಗೆ ಬರುತ್ತಿರಲಿಲ್ಲ, ಅದು ಆರ್ಮಮೆಂಟ್ (ಶಸ್ತ್ರಾಸ್ತ್ರ) ವಿಭಾಗದವರದ್ದು, ಯಾಕೆಂದರೆ ಅದರ ಒಳಗಿರೋದು ಸಿಡಿಮದ್ದು. ಆದರೆ ಪೈಲಟ್‌ಗೆ ಬೆಲ್ಟ್ ಬಿಗಿಯುವುದು, ಕೆಂಪು ಪಟ್ಟಿ ಇರುವ ಸೇಫ್ಟಿ ಪಿನ್ ತೆಗೆದಿದ್ದಾರಾ ಅಂತ ನೋಡುವುದು, ಇದೆಲ್ಲ ಹತ್ತಿರದಿಂದ ಕಂಡಿದ್ದೇನೆ. ಹ್ಯಾಂಡಲ್ ಎಳೆದರೆ ಮೇಲಿನ ಗಾಜಿನ ಮುಚ್ಚಳ ಹಾರುತ್ತದೆ ಇಲ್ಲವೇ ಒಡೆಯುತ್ತದೆ, ಸೀಟು ರಾಕೆಟ್‌ನಿಂದ ಮೇಲೆ ಚಿಮ್ಮುತ್ತದೆ, ಮೊದಲು ಸಣ್ಣ ಪ್ಯಾರಾಚೂಟ್, ಆಮೇಲೆ ದೊಡ್ಡದು, ಸೀಟು ಕಳಚಿ ಬೀಳುತ್ತದೆ. ಎಲ್ಲ ಕೆಲವೇ ಸೆಕೆಂಡಿನ ಮಾತು. ಜಾಗ್ವಾರ್‌ಗೆ ಸೀಟು ಮಾಡಿಕೊಟ್ಟ ಬ್ರಿಟನ್ನಿನ ಮಾರ್ಟಿನ್-ಬೇಕರ್ ಕಂಪನಿಯ ಸೀಟುಗಳಿಂದಲೇ ಇಲ್ಲಿಯವರೆಗೆ ಜಗತ್ತಿನಲ್ಲಿ 7,000ಕ್ಕೂ ಹೆಚ್ಚು ಜನ ಬದುಕಿದ್ದಾರೆ. ಈಗಿನ ಸೀಟುಗಳು ವಿಮಾನ ರನ್‌ವೇ ಮೇಲೆ ನಿಂತಿದ್ದರೂ ಕೆಲಸ ಮಾಡುತ್ತವೆ.

ಆದರೆ ಆ ಭರವಸೆ ವಿಮಾನ ನೆಟ್ಟಗಿದ್ದರೆ ಮಾತ್ರ. ಪಕ್ಕಕ್ಕೆ ವಾಲಿದ್ದರೆ ಸೀಟು ಪಕ್ಕಕ್ಕೆ ಚಿಮ್ಮುತ್ತದೆ, ತಲೆಕೆಳಗಾಗಿದ್ದರೆ ನೆಲದ ಕಡೆಗೇ. ಸೆಕೆಂಡಿಗೆ ನೂರು ಮೀಟರ್ ಕೆಳಗೆ ಹೋಗುತ್ತಿದ್ದರೆ ಸೀಟಿಗೆ ಮೊದಲು ಆ ಬೀಳುವ ವೇಗವನ್ನೇ ಗೆಲ್ಲಬೇಕು, ಅಷ್ಟರಲ್ಲಿ ಎತ್ತರ ಉಳಿದಿರಬೇಕು. ಅದರ ಮೇಲೆ ಪೈಲಟ್ ನಿರ್ಧಾರಕ್ಕೆ ಹಿಡಿಯುವ ಸಮಯ. ವಿಮಾನ ಉಳಿಸಬಹುದಾ ಅಂತ ನೋಡುತ್ತಾರೆ, ಕೆಳಗೆ ಊರಿದೆಯಾ ಅಂತ ನೋಡುತ್ತಾರೆ, ಎರಡು ಸೀಟಿನ ವಿಮಾನ ಆದರೆ ಇನ್ನೊಬ್ಬರು ಹೊರಗೆ ಹೋದರಾ ಅಂತ ನೋಡುತ್ತಾರೆ. ರಾತ್ರಿ ಈ ಒಂದೊಂದಕ್ಕೂ ಹಗಲಿಗಿಂತ ಜಾಸ್ತಿ ಹೊತ್ತು ಬೇಕು.

ಕೆಲವು ಸಲ ಎಲ್ಲ ಸರಿಯಾದ ಸಮಯಕ್ಕೆ ಮಾಡಿದರೂ ಆಗುವುದಿಲ್ಲ. 2020ರ ಜೂನ್ 30ರ ರಾತ್ರಿ ಅಮೆರಿಕದ ಶಾ ವಾಯುನೆಲೆಯಲ್ಲಿ 32 ವರ್ಷದ ಎಫ್-16 ಪೈಲಟ್ ಒಬ್ಬರು ಹೀಗೇ ತೀರಿಕೊಂಡರು. ಅವತ್ತು ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವ ಕೆಲಸ, ಎಫ್-16ರಲ್ಲಿ ಅವರಿಗೆ ಅದು ಮೊದಲ ಸಲ, ಅದೂ ರಾತ್ರಿ. ಆಗಲಿಲ್ಲ, ವಾಪಸ್ ಬಂದರು. ಇಳಿಯುವಾಗ ತುಂಬಾ ಕೆಳಗೆ ಬಂದು ರನ್‌ವೇಗೆ ಮುಂಚೆ ಇದ್ದ ಆಂಟೆನಾಗೆ ತಾಗಿ ಚಕ್ರದ ಭಾಗ ಮುರಿಯಿತು. ಮತ್ತೆ ಮೇಲೆದ್ದು ಎರಡನೇ ಸಲ ಇಳಿಯಲು ನೋಡಿದರು, ಒಂದು ರೆಕ್ಕೆ ನೆಲಕ್ಕೆ ಬಡಿಯಿತು, ಹ್ಯಾಂಡಲ್ ಎಳೆದರು. ಸೀಟು ಹೊರಗೆ ಚಿಮ್ಮಿತು. ಪ್ಯಾರಾಚೂಟ್ ಬಿಚ್ಚಬೇಕಾದ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೈಕೊಟ್ಟಿತು. ಈಗ ಇದಕ್ಕೆ ಏನಂತ ಹೆಸರಿಡುತ್ತೀರಿ? ಪೈಲಟ್ ತಪ್ಪಾ, ಸೀಟಿನ ತಪ್ಪಾ, ಮೊದಲ ಸಲದ ಕೆಲಸವನ್ನು ರಾತ್ರಿಗೇ ಇಟ್ಟವರ ತಪ್ಪಾ? ಮೂರೂ ಹೌದು. ಅಪಘಾತಗಳು ಸಾಮಾನ್ಯವಾಗಿ ಹೀಗೇ, ಒಂದೊಂದಾಗಿ ಕೊಂಡಿ ಸೇರುತ್ತಾ ಹೋಗುತ್ತವೆ. ಇಷ್ಟು ವಿವರ ನಾನು ಬರೆಯೋಕೆ ಆಗುತ್ತಿರೋದು ಅಮೆರಿಕ ತನಿಖಾ ವರದಿಯನ್ನು ಜನರ ಮುಂದೆ ಇಟ್ಟಿದ್ದರಿಂದ. ನಮ್ಮಲ್ಲಿ ಕೋರ್ಟ್ ಆಫ್ ಎನ್‌ಕ್ವೈರಿ ಅನ್ನೋ ವಾಯುಪಡೆಯ ಒಳಗಿನ ತನಿಖೆ ಆಗುತ್ತದೆ, ಗಟ್ಟಿಯಾಗೇ ಆಗುತ್ತದೆ, ಆದರೆ ವರದಿ ಹೊರಗೆ ಬರುವುದು ಬಹಳ ಅಪರೂಪ. ಗುಟ್ಟು ಬೇಕಾದ ಭಾಗ ಮುಚ್ಚಿಟ್ಟು ಉಳಿದದ್ದನ್ನಾದರೂ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಹೇಳದೆ ಇದ್ದರೆ ಆ ಖಾಲಿ ಜಾಗದಲ್ಲಿ ಟಿವಿಯವರು ಕೂರುತ್ತಾರೆ.

ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಲೆಕ್ಕ ಒಂದಿದೆ. 2017ರಿಂದ 2022ರ ಅವಧಿಯಲ್ಲಿ ವಾಯುಪಡೆಯ 34 ಅಪಘಾತ, ಅದರಲ್ಲಿ 19ಕ್ಕೆ ಹಾರಿಸುವವರ ತಪ್ಪು ಕಾರಣ. ಇದನ್ನು ನೋಡಿ ಪೈಲಟ್‌ಗಳಿಗೆ ಬೈಯುವವರಿದ್ದಾರೆ. ಮೇಲೆ ಹೇಳಿದ ಜಪಾನಿನ ಪೈಲಟ್ ಥರದವರೂ ಇಂಥ ಲೆಕ್ಕದಲ್ಲಿ "ತಪ್ಪು" ಅಂತಲೇ ಸೇರುತ್ತಾರೆ ಅನ್ನೋದು ನೆನಪಿರಲಿ. ಕಡಿಮೆ ಮಾಡೋ ದಾರಿಯೂ ಇದೆ. ವಿಮಾನ ನೆಲಕ್ಕೆ ಬಡಿಯುವ ಹಾದಿಯಲ್ಲಿದೆ ಅಂತ ಕಂಪ್ಯೂಟರ್‌ಗೆ ಗೊತ್ತಾದರೆ ಅದೇ ಕೈಹಾಕಿ ಮೇಲೆತ್ತುವ ವ್ಯವಸ್ಥೆ 2014ರಿಂದ ಅಮೆರಿಕದ ಎಫ್-16ಗಳಿಗೆ ಬಂತು, ಹತ್ತಕ್ಕೂ ಹೆಚ್ಚು ಪೈಲಟ್‌ಗಳು ಅದರಿಂದ ಬದುಕಿದ್ದಾರೆ. ಜಪಾನಿನಲ್ಲಿ ಬಿದ್ದ ಎಫ್-35ರಲ್ಲಿ ಆಗಿನ್ನೂ ಅದು ಇರಲಿಲ್ಲ. ನನ್ನ ಕೇಳಿದರೆ ಹೊಸ ವಿಮಾನ ಕೊಳ್ಳುವಾಗ ಎಷ್ಟು ಕ್ಷಿಪಣಿ ಹೊರುತ್ತದೆ ಅನ್ನೋದರ ಜೊತೆಗೆ ಇದು ಇದೆಯಾ ಅಂತಲೂ ನಾವು ಕೇಳಬೇಕು.

ನೆಲದ ಮೇಲೂ ರಾತ್ರಿ ಬೇರೆಯೇ. ನೈಟ್ ಫ್ಲೈಯಿಂಗ್ ಇದ್ದ ದಿನ ಸಂಜೆಯೇ ವಿಮಾನ ಸಿದ್ಧ ಮಾಡಿ, ಫಾರ್ಮ್ 700 ಅನ್ನೋ ವಿಮಾನದ ದಾಖಲೆ ಪುಸ್ತಕದಲ್ಲಿ ಸಹಿ ಹಾಕಿ, ಪೈಲಟ್ ಅದರ ಕೆಳಗೆ ಸಹಿ ಹಾಕಿ ವಿಮಾನ ತಗೊಂಡು ಹೋಗುತ್ತಾರೆ. ಹಗಲಲ್ಲಿ ಹೊಟ್ಟೆ ಕೆಳಗೆ ಎಣ್ಣೆ ಸೋರಿದರೆ ಒಂದು ನೋಟಕ್ಕೆ ಹೊಳೆಯುತ್ತದೆ, ರಾತ್ರಿ ಟಾರ್ಚ್ ಹಿಡಿದು ಬಗ್ಗಿ ಬೆರಳಲ್ಲಿ ಮುಟ್ಟಿ ನೋಡಬೇಕು. ಆಮೇಲೆ ಕಾಯೋದು. ಬರುವ ದೀಪಗಳನ್ನು ಎಣಿಸೋದು. ಹೋದಷ್ಟೂ ವಾಪಸ್ ಬರೋವರೆಗೆ ಯಾರೂ ಟೀ ಕುಡಿಯೋಕೆ ಹೋಗುತ್ತಿರಲಿಲ್ಲ. ಹಾಗಂತ ನಿಯಮವೇನೂ ಇರಲಿಲ್ಲ, ಸುಮ್ನೆ ಹೋಗುತ್ತಿರಲಿಲ್ಲ.

ಹಗಲಲ್ಲಿ ಎಲ್ಲ ಸುಖ ಅಂತಲೂ ತಿಳಿಯಬೇಡಿ. ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ನಮ್ಮನ್ನು ಬಿಟ್ಟು ಹೋಗಿದ್ದು 2023ರ ಜನವರಿ 28ರ ಬೆಳಗ್ಗೆ, ಮಧ್ಯಪ್ರದೇಶದ ಮೊರೇನಾ ಹತ್ತಿರ ಮಿರಾಜ್ ಮತ್ತು ಸುಖೋಯ್ ಅಪಘಾತಕ್ಕೆ ಸಿಕ್ಕಾಗ.

ನೀವು ಕೇಳಿಲ್ಲ, ಆದರೂ ನಮ್ಮ ಕಡೆಯವರಿಗೆ ಒಂದು ಮಾತು. ಬಳ್ಳಾರಿ ಪಕ್ಕದ ಚಳ್ಳಕೆರೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ಕೇಂದ್ರ ಇದೆ, 2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ರುಸ್ತುಂ-2 ಡ್ರೋನ್ ಜೋಡಿಚಿಕ್ಕೇನಹಳ್ಳಿ ಹೊಲಕ್ಕೆ ಬಿದ್ದಾಗ ಜನ ಮುತ್ತಿಕೊಂಡಿದ್ದರು. ಆ ಕಡೆ ಬೀದರ್‌ನಲ್ಲಿ ಹಾಕ್ ಜೆಟ್‌ಗಳ ತರಬೇತಿ ನೆಲೆ. ಎಲ್ಲಾದರೂ ಇಂಥದ್ದು ಬಿದ್ದರೆ ಹತ್ತಿರ ಹೋಗಬೇಡಿ, ಚೂರು ಎತ್ತಿಕೊಳ್ಳಬೇಡಿ. ಸೀಟಿನಲ್ಲಿ ಸಿಡಿಯದ ಮದ್ದು ಉಳಿದಿರಬಹುದು, ಉರಿದ ಭಾಗದ ಧೂಳು ಎದೆಗೆ ಒಳ್ಳೇದಲ್ಲ. ಪ್ಯಾರಾಚೂಟ್‌ನಲ್ಲಿ ಇಳಿದ ಪೈಲಟ್ ಸಿಕ್ಕರೆ ಎಬ್ಬಿಸಿ ಕೂರಿಸಬೇಡಿ, ಆ ರಾಕೆಟ್ ಹೊಡೆತಕ್ಕೆ ಬೆನ್ನುಮೂಳೆ ಮುರಿದಿರುವ ಸಾಧ್ಯತೆ ಇರುತ್ತದೆ. ಮಲಗಿಸಿಯೇ ಇಟ್ಟು 112ಕ್ಕೆ ಫೋನ್ ಮಾಡಿ. ವಿಡಿಯೋ ಹಾಕೋ ಆತುರ ಬೇಡ, ಎಲ್ಲೋ ಒಂದು ಮನೆಗೆ ಇನ್ನೂ ಫೋನ್ ಹೋಗಿರುವುದಿಲ್ಲ.

ಈಗ ಅವ್ವನ ವಿಷಯ. ಅಪಾಯ ಇಲ್ಲ ಅಂತ ಅವರಿಗೆ ಸುಳ್ಳು ಹೇಳಬೇಡಿ, ಇದೆ. ಆದರೆ ಅರ್ಜಿ ಹಾಕಿದ ಕೂಡಲೇ ತಮ್ಮ ಜೆಟ್‌ನಲ್ಲಿ ಕೂರುವುದಿಲ್ಲ ಅನ್ನೋದನ್ನು ಬಿಡಿಸಿ ಹೇಳಿ. ಯುಪಿಎಸ್‌ಸಿ ಪರೀಕ್ಷೆ ಪಾಸಾಗಬೇಕು, ಆಮೇಲೆ ಆಯ್ಕೆ ಮಂಡಳಿಯ ಸಂದರ್ಶನ, ಮೈಸೂರಿನಲ್ಲೂ ಅಂಥ ಮಂಡಳಿ ಒಂದಿದೆ. ಪೈಲಟ್ ಆಗೋಕೆ ಬೇರೆ ಯಂತ್ರದ ಪರೀಕ್ಷೆ ಇದೆ, ಅದು ಜೀವನದಲ್ಲಿ ಒಂದೇ ಸಲ, ಫೇಲಾದರೆ ಮತ್ತೆ ಅವಕಾಶ ಇಲ್ಲ. ಮೆಡಿಕಲ್ ದಾಟಬೇಕು. ಮೂರು ವರ್ಷ ಎನ್‌ಡಿಎ, ಆಮೇಲೆ ಹೈದರಾಬಾದ್ ಹತ್ತಿರದ ದುಂಡಿಗಲ್‌ನ ವಾಯುಪಡೆ ಅಕಾಡೆಮಿ. ಅಲ್ಲಿಂದ ಫೈಟರ್‌ಗೆ ಎಲ್ಲರೂ ಹೋಗುವುದಿಲ್ಲ, ಎಷ್ಟೋ ಜನ ಸಾಗಣೆ ವಿಮಾನಕ್ಕೆ, ಹೆಲಿಕಾಪ್ಟರ್‌ಗೆ ಹೋಗುತ್ತಾರೆ. ಅಷ್ಟರಲ್ಲಿ ಹುಡುಗನ ಮನಸ್ಸೇ ಬೇರೆ ಕಡೆ ತಿರುಗಬಹುದು, ಅವ್ವನ ಮನಸ್ಸೂ ತಿರುಗಬಹುದು. ಈಗಲೇ ಫಾರ್ಮ್ ಹರಿಯೋದು ಯಾಕೆ?

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಇದೆ ಅಲ್ವಾ, ನೋಡಿಕೊಳ್ಳಿ. ಹಾಗೇ ಫಾರ್ಮ್ ತುಂಬುವ ಮುಂಚೆ ರಾಯಚೂರಿನಲ್ಲಿ ಯಾರಾದರೂ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ದೃಷ್ಟಿ ಜೊತೆಗೆ ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮಾಡಿಸಿ. ನಮ್ಮ ಕಡೆ ಎಷ್ಟೋ ಹುಡುಗರಿಗೆ ಕೆಂಪು-ಹಸಿರು ಸರಿಯಾಗಿ ಕಾಣುವುದಿಲ್ಲ ಅಂತ ಗೊತ್ತಾಗೋದೇ ಕೊನೆಯ ಮೆಡಿಕಲ್‌ನಲ್ಲಿ.